ಪಕ್ಷ ಕಟ್ಟೋಕೆ ನೂರು ಅಫಿಡವಿಟ್

ಅಂಗವಿಕಲರದ್ದೇ ಒಂದು ಪಕ್ಷ ಕಟ್ಟೋಣ ಅಂತ ಹೊರಟಾಗ ಎಲ್ಲರೂ ಕೇಳಿದ್ದು, ‘ಗೆಲ್ತೀರಾ?’ ಅಂತ. ಗೆಲ್ಲೋದು ಆಮೇಲಿನ ಮಾತು. ಮೊದಲು ನೋಂದಣಿ ಆಗಬೇಕಲ್ವಾ? 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ ಪ್ರಕಾರ, ಪಕ್ಷ ಹುಟ್ಟಿದ 30 ದಿನದೊಳಗೆ ದೆಹಲಿಯ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು. ಜೊತೆಗೆ 10,000 ರೂಪಾಯಿ ಶುಲ್ಕ, ಪಕ್ಷದ ನಿಯಮಾವಳಿ, ಕನಿಷ್ಠ 100 ಸದಸ್ಯರ ಅಫಿಡವಿಟ್. ನಾನು ಮತದಾರ, ಬೇರೆ ಯಾವ ಪಕ್ಷದಲ್ಲೂ ಇಲ್ಲ ಅಂತ ಒಬ್ಬೊಬ್ಬರೂ ಬರೆದುಕೊಡಬೇಕು.

ಓಡಾಟವೇ ಕಷ್ಟ ಇರುವವರಿಗೆ 30 ದಿನ ಎಲ್ಲಿ ಸಾಕು? ಅದಕ್ಕೇ ಹೆಸರು, ಮತದಾರರ ಪಟ್ಟಿಯ ನಕಲು, ಯಾರ ಮನೆಗೆ ಯಾರು ಹೋಗೋದು, ಎಲ್ಲ ಮೊದಲೇ ಗೊತ್ತು ಮಾಡಿಕೊಂಡು ಆಮೇಲೆ ಸ್ಥಾಪನಾ ಸಭೆ ಕರೆದೆವು.

ನೋಟರಿ ಆಫೀಸು ಇದ್ದಿದ್ದು ಮಹಡಿ ಮೇಲೆ. ಕಾಲಿಗೆ ಆಸರೆಯ ಕ್ಯಾಲಿಪರ್ ಪಟ್ಟಿ ಹಾಕುವ ನಾನೇ ಕಂಬಿ ಹಿಡಿದು ಹತ್ತಬೇಕು, ಇನ್ನು ಗಾಲಿಕುರ್ಚಿಯವರ ಪಾಡೇನು? ಕೇಳಿಕೊಂಡ ಮೇಲೆ ವಕೀಲರೇ ಸೀಲು, ರಿಜಿಸ್ಟರ್ ಹಿಡಿದು ಕೆಳಗಿನ ಝೆರಾಕ್ಸ್ ಅಂಗಡಿ ಮುಂದೆ ಬಂದು ಕೂತರು. ಕಣ್ಣು ಕಾಣದವರಿಗೆ ಪೂರ್ತಿ ಓದಿ ಹೇಳಿ, ಹಾಗೆ ಓದಿ ಹೇಳಿದ್ದನ್ನೂ ಕೆಳಗೆ ಬರೆಸಿ ಹೆಬ್ಬೆಟ್ಟು ಒತ್ತಿಸಿದೆವು. ಒಬ್ಬ ಅಜ್ಜ ಮಾತ್ರ ಸಹಿಯೇ ಹಾಕ್ತೀನಿ ಅಂತ ಹಠ ಹಿಡಿದರು. ಸ್ಕೇಲು ಅಡ್ಡ ಇಟ್ಟೆ. ಅದರ ಅಂಚಿಗೆ ಪೆನ್ನು ತಾಗಿಸಿಕೊಂಡು ನಿಧಾನವಾಗಿ ಹೆಸರು ಬರೆದರು.

‘ಇದಕ್ಕೆ ಸಹಿ ಹಾಕಿದ್ರೆ ಮಾಸಾಶನ ನಿಂತು ಹೋಗುತ್ತಾ ಸಾರ್?’ ಅಂತ ಕೇಳದವರೇ ಕಡಿಮೆ. ನಾನು ಇಲ್ಲ ಅಂದ್ರೆ ನಂಬುತ್ತಿರಲಿಲ್ಲ. ಪಂಚಾಯಿತಿ ಮಟ್ಟದಲ್ಲಿ ಅಂಗವಿಕಲರಿಗಾಗಿ ಕೆಲಸ ಮಾಡುವ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು) ಹೇಳಿದ ಮೇಲೆ ನಂಬಿದರು. ಅವರನ್ನು ಪಕ್ಷದ ಪರ ಮಾತಾಡಿಸಲಿಲ್ಲ. ಪಾಪ, ಅವರ ಕೆಲಸಕ್ಕೆ ಕುತ್ತು ಬರಬಾರದು.

ಬೌದ್ಧಿಕ ಅಂಗವೈಕಲ್ಯ ಇರುವ ಎಷ್ಟೋ ಹುಡುಗರ ಹೆಸರು ಮತದಾರರ ಪಟ್ಟಿಯಲ್ಲೇ ಇರಲಿಲ್ಲ. ‘ಅವನಿಗೂ ಓಟು ಕೊಡ್ತಾರಾ?’ ಅಂತ ತಾಯಂದಿರೇ ಕೇಳಿದರು. ಅಸ್ವಸ್ಥಚಿತ್ತರು ಅಂತ ಕೋರ್ಟು ಘೋಷಿಸಿದ್ದರೆ ಮಾತ್ರ ಹೆಸರು ಸೇರಿಸುವಂತಿಲ್ಲ. ಬರೀ ಡಾಕ್ಟರ್ ಸರ್ಟಿಫಿಕೇಟ್ ಇದೆ ಅಂತ ಬಿಡೋಕಾಗಲ್ಲ. ಹೊಸದಾಗಿ ಹೆಸರು ಸೇರಿಸುವ ಅರ್ಜಿ, ನಮೂನೆ 6 ತುಂಬಿಸಿದೆವು. ಇಷ್ಟರಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟ ಕೆಲಸ ಇದು.

ಬೇಡಿಕೆ ಪಟ್ಟಿ ಬರೆಯುವಾಗ ಜಗಳವೂ ಆಯಿತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ನಮ್ಮಂಥವರಿಗೆ ತ್ರಿಚಕ್ರ ಸ್ಕೂಟರ್ ಮುಖ್ಯ, ಕಿವುಡರಿಗೆ ಕಚೇರಿಯಲ್ಲಿ ಸಂಜ್ಞೆ ಭಾಷೆ ಬಲ್ಲವರು ಬೇಕು. ಗ್ರಾಮ ಪಂಚಾಯಿತಿಯಲ್ಲಿ ನಮಗೆ ಅಂತ ಎತ್ತಿಡುವ ಶೇ. 5 ಹಣದ ಲೆಕ್ಕ ಕೇಳಬೇಕು ಅನ್ನೋದಕ್ಕೆ ಮಾತ್ರ ಎಲ್ಲರೂ ಒಪ್ಪಿ ಕೈ ಎತ್ತಿದರು.

ನೋಂದಣಿ ಆದರೂ ಸುಮ್ನೆ ಕೂರುವಂತಿಲ್ಲ. 6 ವರ್ಷ ಒಂದೂ ಚುನಾವಣೆಗೆ ನಿಲ್ಲದ 334 ಪಕ್ಷಗಳನ್ನು ಆಯೋಗ 2025ರ ಆಗಸ್ಟ್‌ನಲ್ಲಿ ಪಟ್ಟಿಯಿಂದ ತೆಗೆಯಿತು. ವಿಧಾನಸಭೆಗೆ ನಿಲ್ಲೋಣ ಅಂದ್ರೆ ಠೇವಣಿ 10,000 ರೂಪಾಯಿ, ಅಂಗವಿಕಲರು ಅಂತ ಅದರಲ್ಲಿ ರಿಯಾಯಿತಿ ಇಲ್ಲ. ಆಯೋಗದ ಮಾನ್ಯತೆ ಇರುವ ಪಕ್ಷದ ನಾಮಪತ್ರಕ್ಕೆ ಸಹಿ ಹಾಕಲು ಒಬ್ಬ ಸೂಚಕ ಸಾಕು, ಬರೀ ನೋಂದಣಿ ಆದ ನಮ್ಮಂಥವರಿಗೆ ಅದೇ ಕ್ಷೇತ್ರದ 10 ಜನ ಬೇಕು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆ ಮೇಲೆ ನಡೆಯಲ್ಲ. ಅಲ್ಲಿ ನಮ್ಮ ಸದಸ್ಯರು ಸ್ವಂತ ಹೆಸರಲ್ಲೇ ನಿಲ್ಲಲಿ ಅಂತ ತೀರ್ಮಾನಿಸಿದ್ದೇವೆ.