ಆಂಪ್ ಮಾರಿದೆ, ಬೇಸ್ ಕೇಳಿಸಿತು

ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ಬಾರಿಸುವವರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ದಾವಣಗೆರೆ ಸುತ್ತಮುತ್ತಲಿನ ಸ್ಟೇಜುಗಳಿಗೆ ದೊಡ್ಡ ಬೇಸ್ ಆಂಪ್ ಬೇಡ. ಆ ದುಡ್ಡಿನಲ್ಲಿ ಒಂದು ಪ್ರೀಆಂಪ್ ಪೆಡಲ್ (ಸೌಂಡ್ ತಿದ್ದುವ, ಕಾಲಲ್ಲಿ ಒತ್ತುವ ಪುಟ್ಟ ಪೆಟ್ಟಿಗೆ), ಒಂದು ಕಂಪ್ರೆಸರ್ (ಜೋರು, ಮೆತ್ತಗೆ ಸಮ ಮಾಡುವುದು), ಒಂದು ಡಿಐ ಬಾಕ್ಸ್ (ಗಿಟಾರನ್ನು ನೇರ ಮಿಕ್ಸರಿಗೆ ಸೇರಿಸುವುದು) ಮತ್ತು ನಂಬಿಕೆಯ ಪವರ್ ಸಪ್ಲೈ ತಗೊಳ್ಳಿ. ಇದನ್ನು ಹೇಳಿದಾಗ ನಮ್ಮ ಆರ್ಕೆಸ್ಟ್ರಾ ಓನರ್ ನಕ್ಕರು. ಮೈಕ್‌ಸೆಟ್‌ನವರೂ ನಕ್ಕರು. ಕೀಬೋರ್ಡಿನ ಹುಡುಗನಂತೂ "ಅಣ್ಣಾ, ಬೇಸ್ ನಾನೇ ಎಡಗೈಯಾಗ ಬಾರಿಸ್ತೀನಿ ಬಿಡು, ನೀ ಆರಾಮಾಗಿ ಮನ್ಯಾಗ ಇರು" ಅಂದ. ಈಗ ಅದೇ ಹುಡುಗ ನನ್ನ ಪೆಡಲ್ ಬೋರ್ಡಿನ ಫೋಟೋ ತೆಗೆದುಕೊಂಡು ಹೋಗಿ ತನ್ನ ತಮ್ಮನಿಗೆ ಅಂಥದ್ದೇ ಒಂದು ಮಾಡಿಸುತ್ತಿದ್ದಾನೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂದದ್ದು.

ಮೊದಲು ನನ್ನ ಹತ್ತಿರ ಇದ್ದದ್ದು 15 ಇಂಚಿನ ಸ್ಪೀಕರ್ ಇರುವ 100 ವ್ಯಾಟ್ ಕಾಂಬೊ, ಅಂದರೆ ಆಂಪ್, ಸ್ಪೀಕರ್ ಎರಡೂ ಒಂದೇ ಡಬ್ಬದಲ್ಲಿ. ಹೊಸದಕ್ಕೆ 30 ಸಾವಿರದ ಹತ್ತಿರ ಬಿತ್ತು. ರೂಮಿನಲ್ಲಿ ಬಾರಿಸಿದರೆ ಕಿಟಕಿ ಗಾಜು ಅದುರುತ್ತಿತ್ತು. ಅದೇ ಡಬ್ಬ ಜಗಳೂರಿನ ಕಡೆ ಯಾವುದೋ ಜಾತ್ರೆಯಲ್ಲಿ, ಹರಿಹರದ ಗಣಪತಿ ಪೆಂಡಾಲಿನಲ್ಲಿ ಬಯಲಿಗಿಟ್ಟರೆ ಹತ್ತು ಹೆಜ್ಜೆ ಆಚೆ ಏನೂ ಇಲ್ಲ. ನಮ್ಮ ಸ್ಟೇಜ್ ಹೇಗಿರುತ್ತದೆ ಗೊತ್ತಲ್ವಾ? ಮೇಲೆ ಹಲಗೆ, ಕೆಳಗೆ ಟೊಳ್ಳು. ಆಂಪ್ ನೆಲಕ್ಕಿಟ್ಟರೆ ಸ್ಟೇಜೇ ಗುಂಯ್ ಅನ್ನುತ್ತದೆ. ಆ ಗುಂಯ್ ಗಾಯಕರ ಮೈಕಿಗೂ ಹೋಗುತ್ತದೆ, ಢೋಲಕ್ ಮೈಕಿಗೂ ಹೋಗುತ್ತದೆ. ಮಿಕ್ಸರ್ ಮುಂದೆ ಕೂತವನು ಅಲ್ಲಿಂದಲೇ ಕೈ ಆಡಿಸಿ ಕಡಿಮೆ ಮಾಡು ಅನ್ನುತ್ತಾನೆ. ಕಡಿಮೆ ಮಾಡಿದರೆ ನಾನು ಬಾರಿಸಿದ್ದು ನನಗೇ ಕೇಳಲ್ಲ.

ದುಡ್ಡಿನ ಲೆಕ್ಕ ಇನ್ನೂ ಬೇಜಾರಿನದು. ಒಂದು ಪ್ರೋಗ್ರಾಮಿಗೆ ಕೈಗೆ ಬರುತ್ತಿದ್ದದ್ದು 1,500. ಆಂಪ್ ಬೈಕ್ ಮೇಲೆ ಹೋಗಲ್ಲ. ನಿಟ್ಟುವಳ್ಳಿಯಿಂದ ಹರಿಹರಕ್ಕೆ ಹೋಗಿ ಬರಲು ಗೂಡ್ಸ್ ಆಟೋದವನಿಗೆ 500-600. ಎತ್ತಿ ಇಳಿಸುವ ಹುಡುಗನಿಗೆ ಊಟ, ಮೇಲೆ 100. ಉಳಿದದ್ದರಲ್ಲಿ ತಂತಿ ಸೆಟ್ ತರಬೇಕಾ, ಮನೆ ನಡೆಸಬೇಕಾ?

ಓನರ್ ಕೊಟ್ಟ ಸಲಹೆ, "200 ವ್ಯಾಟಿಂದು ತಗೊಳಪ್ಪಾ". ಅವರ ಹಿರಿತನಕ್ಕೆ ನಮಸ್ಕಾರ. ಆದರೆ ವ್ಯಾಟ್ ಎರಡು ಪಟ್ಟು ಮಾಡಿದರೆ ಸಿಗುವುದು 3 ಡೆಸಿಬಲ್ ಅಷ್ಟೇ. ಬಯಲಿನಲ್ಲಿ ಆ 3 ಡೆಸಿಬಲ್ ಮುಂದಿನ ಸಾಲಿನ ಕುರ್ಚಿ ದಾಟುವುದಿಲ್ಲ. ಜನರಿಗೆ ಕೇಳುವುದು ಮೈಕ್‌ಸೆಟ್‌ನವರ ದೊಡ್ಡ ಸ್ಪೀಕರ್ ಬಾಕ್ಸಿನಿಂದ. ಅದರೊಳಗೆ ನನ್ನ ಬೇಸ್ ಸರಿಯಾಗಿ ಹೋಗಬೇಕು. ಇಷ್ಟೇ ವಿಷಯ.

ಇದು ತಲೆಗೆ ಹೋಗುವ ಮುಂಚೆ ನಡೆದ ಸರ್ಕಸ್ ಕೂಡ ಹೇಳಬೇಕು. ಪರಿಚಯದ ಬಡಗಿಯೊಬ್ಬರಿಂದ 18 ಎಂಎಂ ಪ್ಲೈವುಡ್‌ನಲ್ಲಿ ಒಂದು ಕ್ಯಾಬಿನೆಟ್ ಮಾಡಿಸಿದೆ. ದಾವಣಗೆರೆಯಲ್ಲಿ ಹತ್ತಿಗೇನು ಬರವೇ? ಹಾಸಿಗೆ ಹೊಲಿಯುವವರ ಹತ್ತಿರ ಉಳಿದ ಹತ್ತಿ ತಂದು ಒಳಗೆ ತುಂಬಿದೆ. ಸ್ಪೀಕರ್, ಪ್ಲೈ, ಕೂಲಿ, ರೆಕ್ಸಿನ್ ಎಲ್ಲಾ ಸೇರಿ 11 ಸಾವಿರ ಆಗಿರಬೇಕು. ನೋಡಲು ಫಾರಿನ್ ಮಾಲಿನ ಹಾಗೇ ಇತ್ತು. ಬಾರಿಸಿದರೆ ತೆರೆದ ಎ ತಂತಿ ಮಾತ್ರ ಸಿಡಿಲಿನ ಹಾಗೆ ಬರುತ್ತಿತ್ತು, ಪಕ್ಕದ ಸ್ವರಗಳು ಸತ್ತ ಹಾಗೆ. ಹತ್ತಿ ತೆಗೆದೆ, ಹಾಕಿದೆ, ಮುಂದಿನ ತೂತಿಗೆ ಪಿವಿಸಿ ಪೈಪ್ ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಸಿಡಿಯುವ ಸ್ವರ ಎ ಬಿಟ್ಟು ಬಿಗೆ ಹೋಯಿತು, ಅಷ್ಟೇ. ಆ ಪೆಟ್ಟಿಗೆ ಮೇಲೆ ಈಗ ನಮ್ಮ ಮನೆಯ ಟಿವಿ ಕೂತಿದೆ.

ಆಮೇಲೆ ಮಲ್ಟಿ ಎಫೆಕ್ಟ್ಸ್, ಹಲವು ಪೆಡಲುಗಳ ಕೆಲಸ ಒಂದೇ ಪೆಟ್ಟಿಗೆಯಲ್ಲಿ. ಸೆಕೆಂಡ್ ಹ್ಯಾಂಡ್, 9 ಸಾವಿರ. ಮನೆಯಲ್ಲಿ ಹೆಡ್‌ಫೋನ್ ಹಾಕಿ ಕೇಳಿದರೆ ಸ್ವರ್ಗ. ಆದರೆ ಅದರಲ್ಲಿ ಮೊದಲೇ ತುಂಬಿಟ್ಟ ಸೌಂಡುಗಳಿಗೆಲ್ಲ ತಳ ಜಾಸ್ತಿ, ನಡು ಕಡಿಮೆ. ಸ್ಟೇಜ್ ಮೇಲೆ ಢೋಲಕ್ಕಿನ ಎಡಗೈ, ರಿದಂ ಪ್ಯಾಡಿನ ಕಿಕ್, ಕೀಬೋರ್ಡಿನ ಎಡಗೈ ಎಲ್ಲಾ ಅದೇ ತಳದಲ್ಲಿ ಜಗಳ ಆಡುತ್ತಿರುತ್ತವೆ. ನಡು ಇಲ್ಲದ ಬೇಸ್ ಅಲ್ಲಿ ಯಾರ ಕಿವಿಗೂ ಬೀಳಲ್ಲ. ಅದನ್ನೂ 6 ಸಾವಿರಕ್ಕೆ ಕೊಟ್ಟುಬಿಟ್ಟೆ.

ಈಗಿನ ಸಾಲು ಹೀಗಿದೆ. ಗಿಟಾರ್, ಟ್ಯೂನರ್, ಕಂಪ್ರೆಸರ್, ಆಕ್ಟೇವ್ (ಬಾರಿಸಿದ ಸ್ವರಕ್ಕೆ ಒಂದು ಸ್ಥಾಯಿ ಕೆಳಗಿನ ಸ್ವರ ಸೇರಿಸುವುದು), ಪ್ರೀಆಂಪ್, ಆಮೇಲೆ ಡಿಐ. ಪ್ರೀಆಂಪ್ ಅಂದರೆ ಆಂಪಿನ ಸೌಂಡನ್ನೇ ಪೆಡಲಿನಲ್ಲಿ ಕೊಡುವ ಸ್ಯಾನ್ಸ್‌ಆಂಪ್ ಜಾತಿಯದು. ಅಸಲಿಗೆ ನನ್ನ ಕೈ ಎಟುಕಲಿಲ್ಲ. ಅದೇ ದಾರಿಯ ಅಗ್ಗದ್ದು ಬೆಹ್ರಿಂಗರ್ ಬಿಡಿಐ21, ಪ್ಲಾಸ್ಟಿಕ್ ಮೈಯದು. ಬಳಸಿದ್ದು 2 ಸಾವಿರದ ಆಸುಪಾಸಿಗೆ ಸಿಕ್ಕಿತು. ಪ್ಲಾಸ್ಟಿಕ್ ಅಂತ ಮೂಗು ಮುರಿಯುವವರು ಕಾಲಲ್ಲಿ ತುಳಿಯುವ ರೀತಿ ಮೊದಲು ಸರಿ ಮಾಡಿಕೊಳ್ಳಲಿ.

ಗಡಿಯಾರದ ಮುಳ್ಳಿನ ಲೆಕ್ಕದಲ್ಲಿ ಬೇಸ್ ನಾಬ್ 11 ಗಂಟೆಗೆ, ಅಂದರೆ ಸ್ವಲ್ಪ ಕಡಿಮೆಯೇ. ಟ್ರೆಬಲ್ 10 ಗಂಟೆಗೆ. ಡ್ರೈವ್, ಅಂದರೆ ಸ್ವರ ಒರಟು ಮಾಡುವ ನಾಬ್, ಬರೀ ಮೂಸಿ ನೋಡುವಷ್ಟು. ಮಿಕ್ಸರಿನಲ್ಲಿ ನಡು 700-800 ಹರ್ಟ್ಸ್ ಹತ್ತಿರ ಒಂದಿಷ್ಟು ಎತ್ತಿಸುತ್ತೇನೆ, 250ರ ಹತ್ತಿರ ಇಳಿಸುತ್ತೇನೆ. ಕಂಪ್ರೆಸರ್ 4ಕ್ಕೆ 1 (ಮಿತಿ ದಾಟಿದ 4 ಡೆಸಿಬಲ್ ಏರಿಕೆ 1 ಆಗಿ ಹೊರಬರುತ್ತದೆ), ಅಟ್ಯಾಕ್ ನಿಧಾನ, ಬೆರಳಿನ ಪೆಟ್ಟು ದಾಟಿದ ಮೇಲೆ ಹಿಡಿಯಬೇಕು. ಗಿಟಾರಿನ ಸೌಂಡ್, ಪೆಡಲಿನ ಸೌಂಡ್ ಬೆರೆಸುವ ಬ್ಲೆಂಡ್ ನಾಬ್ ಎಲ್ಲಿಡುತ್ತೇನೆ ಅಂತ ಮಾತ್ರ ಕೇಳಬೇಡಿ. ಪ್ರೋಗ್ರಾಮ್ ಮುಗಿದ ತಕ್ಷಣ ಅದನ್ನು ತಿರುಗಿಸಿಟ್ಟೇ ಬ್ಯಾಗಿಗೆ ಹಾಕುವುದು.

ಮೊದಲನೇ ಸಲ ಇದನ್ನು ತೆಗೆದುಕೊಂಡು ಹೋದಾಗ ಬಾಕ್ಸಿನಲ್ಲಿ ಬೇಸ್ ಬರಲೇ ಇಲ್ಲ. ಸೊಳ್ಳೆಯ ಹಾಡು. ಎಲ್ಲರೂ ನನ್ನ ಕಡೆ ತಿರುಗಿ ನೋಡಿದರು. ಮಿಕ್ಸರ್ ಹತ್ತಿರ ಇಳಿದು ಹೋಗಿ ನೋಡಿದರೆ ನನಗೆ ಕೊಟ್ಟ ಚಾನೆಲ್ ಮುಂಚೆ ಭಾಷಣದ ಮೈಕಿನದು. ಲೋ ಕಟ್ ಬಟನ್ ಒತ್ತಿದ್ದು ಒತ್ತಿದ ಹಾಗೇ ಇತ್ತು. ಅದು 80ಕ್ಕೋ 100ಕ್ಕೋ ಕೆಳಗಿನದೆಲ್ಲ ಕತ್ತರಿಸುತ್ತದೆ. ನಮ್ಮ ತೆರೆದ ಇ ತಂತಿ 41 ಹರ್ಟ್ಸ್, ಎ ತಂತಿ 55. ಉಳಿಯುವುದೇನು? ಬಟನ್ ಮೇಲೆ ಬಂದ ಕ್ಷಣ ಎರಡೂ ಕಡೆಯ 18 ಇಂಚಿನ ಬಾಕ್ಸುಗಳು ಉಸಿರು ಬಿಟ್ಟವು. ಈಗ ಯಾವ ಊರಿಗೆ ಹೋದರೂ ಪೆಡಲ್ ಬ್ಯಾಗ್ ಬಿಚ್ಚುವ ಮುಂಚೆ ಆ ಬಟನ್ ನೋಡುತ್ತೇನೆ. ಮೈಕ್‌ಸೆಟ್ ಹುಡುಗರಿಗೆ ಇದು ಇಷ್ಟ ಆಗಲ್ಲ. ಅವರಿಗೆ ಒಂದು ಮಂಡಕ್ಕಿ ಮಿರ್ಚಿ ಕೊಡಿಸಿ ಮಾತಾಡಿಸಬೇಕು. ಇದೂ ಖರ್ಚಿನ ಬಾಬತ್ತೇ.

ಇನ್ನು ಹಮ್, ಅಂದರೆ ಕರೆಂಟಿನಿಂದ ಬಾಕ್ಸಿನಲ್ಲಿ ಬರುವ ಗುಂಯ್ ಸದ್ದು. ಹಳ್ಳಿ ಕಡೆ ಜನರೇಟರ್ ಇರುತ್ತದೆ, ಅರ್ಥಿಂಗ್ ಇರಲ್ಲ. ಕಂಬದಿಂದ ಎರಡು ವೈರ್ ಎಳೆದು ಸ್ಟೇಜಿಗೆ ತಂದಿರುತ್ತಾರೆ. ಹಮ್ 50 ಹರ್ಟ್ಸ್. ಇ ತಂತಿಯ ಮೂರನೇ ಮನೆಯ (ಫ್ರೆಟ್‌ನ) ಜಿ ಸ್ವರ 49. ಒಂದು ಸಲ ಒಂದು ನಿಧಾನದ ಭಾವಗೀತೆಯಲ್ಲಿ ಆ ಜಿ ಹಿಡಿದು ನಿಂತೆ. ಬಾಕ್ಸಿನಿಂದ ವೌಂ... ವೌಂ... ವೌಂ ಅಂತ 49, 50ರ ವ್ಯತ್ಯಾಸಕ್ಕೆ ಸೆಕೆಂಡಿಗೊಂದು ಅಲೆ. ಹಾಡುತ್ತಿದ್ದ ಮೇಡಂ ಆಮೇಲೆ ಬಂದು "ಆ ಎಫೆಕ್ಟ್ ಚೆನ್ನಾಗಿತ್ತು ಸರ್, ಯಾವ ಪೆಡಲ್?" ಅಂತ ಕೇಳಿದರು. ಹಮ್ ಅಂತ ಹೇಳಲಿಲ್ಲ. ಸದ್ದನ್ನು ಅಲೆ ಅಲೆಯಾಗಿ ಏರಿಳಿಸುವ ಟ್ರೆಮೊಲೊ ಅಂದೆ.

ಇದಕ್ಕೆ ಕೆಲವರು ಪ್ಲಗ್ಗಿನ ಅರ್ಥ್ ಪಿನ್ ಕಿತ್ತು ಹಾಕುತ್ತಾರೆ. ದಯವಿಟ್ಟು ಬೇಡ. ತಂತಿ ಮುಟ್ಟಿಕೊಂಡು ಮೈಕಿಗೆ ತುಟಿ ತಾಗಿಸಿದರೆ ಚುರ್ ಅನ್ನುವುದು ತಮಾಷೆಯಲ್ಲ, ಜೀವ ಹೋಗುವ ಕೆಲಸ. ಅದರ ಬದಲು ಒಳಗೆ ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ತಗೊಂಡು ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಅದು ಸಿಗ್ನಲ್ ಕೇಬಲ್ಲಿನ ಗ್ರೌಂಡ್ ಮಾತ್ರ ಬಿಡಿಸುತ್ತದೆ, ಪ್ಲಗ್ಗಿನ ಅರ್ಥ್ ಅಲ್ಲ. ನಂದು 1,200 ಏನೋ ಆಯಿತು. ಹತ್ತರಲ್ಲಿ ಎಂಟು ಕಡೆ ಹಮ್ ಅಲ್ಲೇ ನಿಲ್ಲುತ್ತದೆ. ಉಳಿದ ಕಡೆಗಳಿಗೆ ಕೇಬಲ್ಲಿನಲ್ಲೊಂದು ಉಪಾಯ ಇದೆ. ಅದನ್ನು ಮುಖತಃ ಸಿಕ್ಕಾಗ ಹೇಳುತ್ತೇನೆ, ಚಹಾ ನಿಮ್ಮದು.

ಪವರ್ ಸಪ್ಲೈ ವಿಷಯದಲ್ಲಿ ಜಿಪುಣತನ ಬೇಡ. ಒಂದು ಅಡಾಪ್ಟರಿನಿಂದ ನಾಲ್ಕು ಪೆಡಲಿಗೆ ಹಂಚುವ ಸರಪಳಿ ವೈರ್ 200 ರೂಪಾಯಿಗೆ ಸಿಗುತ್ತದೆ. ಎಲ್ಲವೂ ಅನಲಾಗ್ ಇದ್ದರೆ ನಡೆಯುತ್ತದೆ. ನಡುವೆ ಒಂದು ಡಿಜಿಟಲ್ ಪೆಡಲ್ ಬಂದರೆ ಕುಂಯ್ ಅಂತ ಶುರು. ಪ್ರತಿ ಪೆಡಲಿಗೂ ಬೇರೆ ಬೇರೆ ಐಸೊಲೇಟೆಡ್ ಲೈನ್ ಇರುವ ಸಪ್ಲೈಗೆ 4 ಸಾವಿರ ಕೊಟ್ಟೆ. ಪೆಡಲಿಗಿಂತ ಜಾಸ್ತಿ! ಮನೆಯಲ್ಲಿ ಬೈಸಿಕೊಂಡೆ. ಆದರೆ ಜನರೇಟರ್ ಕೆಮ್ಮಿದರೂ ನನ್ನ ಬೋರ್ಡ್ ಅಲುಗಲ್ಲ.

ಹಾಂ, ಒಮ್ಮೆ ನಮ್ಮ ಹೆಲ್ಪರ್ ಹುಡುಗ ಕತ್ತಲಲ್ಲಿ ಕೀಬೋರ್ಡಿನ 12 ವೋಲ್ಟ್ ಅಡಾಪ್ಟರ್ ತಂದು ಕಂಪ್ರೆಸರಿಗೆ ಚುಚ್ಚಿದ. ಪೆಡಲಿನದು 9 ವೋಲ್ಟ್, ನಡುವೆ ಮೈನಸ್. ಅಡಾಪ್ಟರಿನದು ನಡುವೆ ಪ್ಲಸ್. ಸುಟ್ಟ ವಾಸನೆ ಬಂತು. ಹಳೇ ರೇಡಿಯೋ ರಿಪೇರಿಯವರ ಹತ್ತಿರ ಬಿಚ್ಚಿಸಿದರೆ ಪವರ್ ಬರುವ ಬಾಯಲ್ಲೇ ಒಂದು ಪುಟ್ಟ ಕಪ್ಪು ಡಯೋಡ್, 1ಎನ್4001, ಹೊಟ್ಟೆ ಒಡೆದು ಕೂತಿತ್ತು. ಅದು ಸತ್ತು ಮಿಕ್ಕಿದ್ದನ್ನೆಲ್ಲ ಉಳಿಸಿತ್ತು. ಡಯೋಡಿಗೆ 2 ರೂಪಾಯಿ, ಅವರ ಕೈಗೆ 50. ಈಗ ನನ್ನ ಎಲ್ಲಾ ಪಿನ್ನುಗಳಿಗೂ ಕೆಂಪು ಟೇಪ್ ಸುತ್ತಿದ್ದೇನೆ.

ಓನರ್ ಒಪ್ಪಿದ್ದು ಮಾತ್ರ ಸ್ಟೇಜ್ ಮೇಲೆ ಕೇಳಿ ಅಲ್ಲ, ಮೊಬೈಲಿನಲ್ಲಿ. ನಮಗೆ ಬುಕಿಂಗ್ ಬರುವುದೇ ವಾಟ್ಸಾಪ್ ವಿಡಿಯೋ ನೋಡಿ. ಮೊಬೈಲ್ ಸ್ಪೀಕರಿನಲ್ಲಿ 41 ಹರ್ಟ್ಸ್ ಎಲ್ಲಿಂದ ಬರಬೇಕು? ಹಳೇ ವಿಡಿಯೋಗಳಲ್ಲಿ ನಾನು ಸುಮ್ನೆ ಗಿಟಾರ್ ಹಿಡಿದು ನಿಂತ ಹಾಗೆ ಕಾಣುತ್ತೇನೆ. ಪ್ರೀಆಂಪಿನ ಆ ಒಂದಿಷ್ಟು ಡ್ರೈವ್ ಇದೆಯಲ್ಲ, ಅದು ಮೂಲ ಸ್ವರದ ಮೇಲಿನ ಸ್ವರಗಳನ್ನು ಎಬ್ಬಿಸುತ್ತದೆ. ಮೊಬೈಲ್ ಅವನ್ನು ಕೊಡುತ್ತದೆ, ತಳದ ಸ್ವರವನ್ನು ಕಿವಿಯೇ ತುಂಬಿಕೊಳ್ಳುತ್ತದೆ. ಗಣಪತಿ ಹಬ್ಬದ ಒಂದು ರಾತ್ರಿ ಯಾರೋ ಜನರ ಮಧ್ಯದಿಂದ ತೆಗೆದ ವಿಡಿಯೋ ಮರುದಿನ ಓನರ್‌ಗೆ ಬಂತು. ಫೋನ್ ಮಾಡಿ ಕೇಳಿದರು, "ಬೇಸ್ ಚೊಲೋ ಕೇಳಾಕತ್ತೈತಲ್ಲೋ, ಹೊಸ ಆಂಪ್ ತಗೊಂಡೇನು?" ಇದ್ದ ಆಂಪೂ ಮಾರಿದ್ದೇನೆ ಸರ್ ಅಂದೆ. 17 ಸಾವಿರಕ್ಕೆ ಚಿತ್ರದುರ್ಗದ ಒಬ್ಬ ಹುಡುಗ ಒಯ್ದಿದ್ದ. ಅವನಿಗೆ ಬೇಕಾದದ್ದು ರೂಮಿನ ಪ್ರಾಕ್ಟೀಸಿಗೆ. ಅದಕ್ಕೆ ಅದು ಒಳ್ಳೆ ಆಂಪೇ.

ಆಕ್ಟೇವ್ ಪೆಡಲ್ ಬಗ್ಗೆ ಸ್ವಲ್ಪ. ಎಲ್ಲರಿಗೂ ಅದು ಬೇಕು, ಎಲ್ಲರೂ ಕೆಳಗಿನ ಮನೆಗಳಲ್ಲಿ ಒತ್ತುತ್ತಾರೆ. ಇ ತಂತಿಯ ಕೆಳಗಿನ ಆಕ್ಟೇವ್ ಅಂದರೆ 20 ಹರ್ಟ್ಸ್. ಬಾಡಿಗೆ ಬಾಕ್ಸ್ ಅದನ್ನು ಹೇಳಲ್ಲ, ಕೋನ್ ಮಾತ್ರ ಹೊರಗೆ ಒಳಗೆ ಕುಣಿಯುತ್ತದೆ. ಅನಲಾಗ್ ಪೆಡಲ್ ಅಷ್ಟು ಕೆಳಗೆ ಸ್ವರ ಹಿಡಿಯದೆ ತೊದಲುತ್ತದೆ ಕೂಡ. ಏಳನೇ ಮನೆಯಿಂದ ಮೇಲೆ ಬಾರಿಸಿ ಒತ್ತಿ ನೋಡಿ. ಸಿಂಥ್ ಬೇಸ್ ಇರುವ ಈಗಿನ ಹಾಡುಗಳಲ್ಲಿ ಕೀಬೋರ್ಡಿನವನ ಎಡಗೈ ಜೇಬಿಗೆ ಹೋಗುತ್ತದೆ.

ಗಿಟಾರಿನವರ ಓವರ್‌ಡ್ರೈವ್ (ಸ್ವರ ಒರಟು ಮಾಡುವ ಪೆಡಲ್) ಸಾಲ ತಂದು ಹಾಕುವುದೂ ದಂಡ. ಅವುಗಳಲ್ಲಿ ಹೆಸರಾದ ಟ್ಯೂಬ್ ಸ್ಕ್ರೀಮರ್ ಜಾತಿಯವು ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನದಕ್ಕೆ ಗೇನ್ ಕಮ್ಮಿ ಮಾಡುತ್ತಾ ಹೋಗುತ್ತವೆ. ಗಿಟಾರಿಗೆ ಅದೇ ಚೆಂದ, ನಮಗೆ ಅನ್ನ ಹೋಗಿ ಉಪ್ಪಿನಕಾಯಿ ಉಳಿದ ಹಾಗೆ. ಕೋರಸ್ ಪೆಡಲ್ ನನಗೆ ಇಷ್ಟ, ಆದರೆ ಒಂದು ರಾತ್ರಿಗೆ ಒಂದೇ ಹಾಡಿಗೆ.

ಹಳೇ ಕನ್ನಡ ಹಾಡುಗಳಿಗೆ ಯಾವ ಪೆಡಲೂ ಬೇಡ. ಬ್ರಿಜ್ ಹತ್ತಿರ ತಂತಿ ಕೆಳಗೆ ಒಂದು ಸ್ಪಂಜ್ ತುರುಕಿ, ಹೆಬ್ಬೆರಳಲ್ಲಿ ಬಾರಿಸಿ. ದಬ್ ದಬ್ ಅಂತ ಗಿಡ್ಡ ಸ್ವರ ಬರುತ್ತದೆ. ಪಾತ್ರೆ ತೊಳೆಯುವ ಸ್ಪಂಜ್ ತುಂಬಾ ಗಟ್ಟಿ, ಸೋಫಾದ್ದು ತುಂಬಾ ಮೆತ್ತಗೆ. ನಾನು ಬಳಸುವುದು ಮೂರನೇ ಒಂದು ಸಾಮಾನಿನದು. ಹುಡುಕಿಕೊಳ್ಳಿ. ಫ್ಲ್ಯಾಟ್‌ವೂಂಡ್ (ಮೈ ನುಣುಪಾದ) ತಂತಿ ಹಾಕಿದರೆ ಇನ್ನೂ ಚೆಂದ, ಆದರೆ ಸೆಟ್ 3 ಸಾವಿರ ದಾಟುತ್ತದೆ. ವರ್ಷಗಟ್ಟಲೆ ಬಾಳುತ್ತದೆ ಅನ್ನುವುದೊಂದೇ ಸಮಾಧಾನ.

ನನಗೆ ನಾನು ಕೇಳಿಸಿಕೊಳ್ಳಲು ಹಳೇ 10 ಇಂಚಿನ ಪವರ್ಡ್ ಮಾನಿಟರ್ (ಒಳಗೇ ಆಂಪ್ ಇರುವ ಸ್ಪೀಕರ್) ಒಂದಿದೆ, 7 ಸಾವಿರದ್ದು. ಅದನ್ನು ನೆಲಕ್ಕಿಡದೆ ಪ್ಲಾಸ್ಟಿಕ್ ಕುರ್ಚಿ ಮೇಲೆ ಕಿವಿಯ ಕಡೆ ಓರೆ ಮಾಡಿ ಇಡುತ್ತೇನೆ. ಹಲಗೆ ಗುಂಯ್ ಅನ್ನಲ್ಲ. ಟ್ಯೂನರ್ 1,500, ಕಂಪ್ರೆಸರ್ 3 ಸಾವಿರ, ಆಕ್ಟೇವ್ 3 ಸಾವಿರ, ಕೇಬಲ್ಲುಗಳಿಗೆ ಸಾವಿರ ಚಿಲ್ಲರೆ. ಮಾನಿಟರ್ ಸೇರಿ ಒಟ್ಟು 23 ಸಾವಿರದ ಹತ್ತಿರ. ಆಂಪ್ ಮಾರಿದ್ದು, ಮಲ್ಟಿ ಎಫೆಕ್ಟ್ಸ್ ಮಾರಿದ್ದು ಸೇರಿದರೆ ಇದಕ್ಕೆ ಹೊಸದಾಗಿ ಕೈಯಿಂದ ಹೋದದ್ದು ಏನೂ ಇಲ್ಲ. ಗೂಡ್ಸ್ ಆಟೋ ನಿಂತಿತು. ಬೋರ್ಡ್ ಬೆನ್ನಿಗೆ, ಗಿಟಾರ್ ಅಡ್ಡ, ಮಾನಿಟರ್ ಓನರ್ ವ್ಯಾನಿನಲ್ಲಿ.

ಬಳಸಿದ ಪೆಡಲ್ ತಗೊಳ್ಳುವವರು ಅಂಗಡಿಯಲ್ಲೇ ಹಿಂದಿನ ಜ್ಯಾಕ್ ಹಿಡಿದು ಅಲ್ಲಾಡಿಸಿ ನೋಡಿ. ಕರ್ ಅಂದರೆ 300 ಇಳಿಸಿ ಕೇಳಿ. ಬೆಸುಗೆ 30 ರೂಪಾಯಿಯ ಕೆಲಸ. ಬ್ಯಾಟರಿ ಗೂಡಿನಲ್ಲಿ ಹಸಿರು ಪುಡಿ ಕಂಡರೆ ಮಾತ್ರ ಬಿಟ್ಟು ಬನ್ನಿ.