ಗೇರ್ ಕೇಬಲ್ ಬಿಚ್ಚುವ ಮೊದಲು ಚೈನನ್ನು ಚಿಕ್ಕ ಚಕ್ರಕ್ಕೆ ಇಳಿಸಿ

ಸೈಕಲ್ಲಿನ ಹಿಂದಿನ ಗೇರ್ ಕೇಬಲನ್ನು ಮನೆಯಲ್ಲೇ ಬದಲಿಸುವವರು ಮೊದಲು ಪೆಡಲ್ ತಿರುಗಿಸುತ್ತಾ ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ. ಶಿಫ್ಟರ್, ಅಂದರೆ ಕೈಯಿಂದ ಗೇರ್ ಬದಲಿಸುವ ಸಾಧನ, 7 ಗೇರಿನದ್ದಾದರೆ ಅದನ್ನು ಅಂಕಿ 7ಕ್ಕೆ. ಆಮೇಲೆಯೇ ಡಿರೇಲರಿನಲ್ಲಿ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಕೇಬಲ್ ಹಿಡಿದಿರುವ ಬೋಲ್ಟ್ ಸಡಿಲಿಸಿ. ಈ ಸ್ಥಾನದಲ್ಲಿ ಕೇಬಲ್ ಪೂರ್ತಿ ಸಡಿಲವಾಗಿ, ಅದರ ಗುಂಡುತಲೆ ಶಿಫ್ಟರಿನ ತೂತಿಗೆ ನೇರವಾಗಿ ನಿಲ್ಲುತ್ತದೆ. ತುದಿಯಲ್ಲಿ ಎಳೆ ಬಿಚ್ಚಿಕೊಂಡ ಭಾಗವನ್ನು ಕತ್ತರಿಸಿ ಕೇಬಲನ್ನು ಒಳಕ್ಕೆ ತಳ್ಳಿದರೆ ತಲೆ ತಾನೇ ಹೊರಗೆ ಇಣುಕುತ್ತದೆ. ಬೇರೆ ಗೇರಿನಲ್ಲಿದ್ದರೆ ಎಷ್ಟು ತಳ್ಳಿದರೂ ಬರುವುದಿಲ್ಲ, ಆಗ ಶಿಫ್ಟರನ್ನೇ ಬಿಚ್ಚೋಣ ಅನಿಸುತ್ತದೆ. ದಯವಿಟ್ಟು ಬೇಡ, ಒಳಗಿನ ಸಣ್ಣ ಸ್ಪ್ರಿಂಗ್ ಹಾರಿದರೆ ಮತ್ತೆ ಕೂರಿಸುವುದು ಬಹಳ ಕಷ್ಟ. ಹೊಸದನ್ನೂ ಇದೇ ಸ್ಥಾನದಲ್ಲಿ ಪೋಣಿಸಿ, ಬಿಗಿಯಾಗಿ ಎಳೆದು ಬೋಲ್ಟ್ ಹಾಕಿ, ಗೇರ್ ಸರಿಯಾಗಿ ಬೀಳುತ್ತಿದೆ ಎಂದು ನೋಡಿದ ಮೇಲೆಯೇ ಹೆಚ್ಚುವರಿ ತುದಿ ಕತ್ತರಿಸಿ. ಮುಂದಿನ ಗೇರಿಗೂ ಸಾಮಾನ್ಯವಾಗಿ ಚಿಕ್ಕ ಚಕ್ರವೇ, ಆದರೆ ಅಲ್ಲಿ ಅಂಕಿ 1. ಕೇಬಲ್ ಶಿಫ್ಟರಿನೊಳಗೇ ತುಂಡಾಗಿದ್ದರೆ ಈ ಉಪಾಯ ಅರ್ಧ ಮಾತ್ರ ನಡೆಯುತ್ತದೆ: ಕೇಬಲ್ ಸಡಿಲಿಸುವ ಲಿವರನ್ನು ಟಿಕ್ ಸದ್ದು ನಿಲ್ಲುವವರೆಗೆ ಒತ್ತಿ, ಉಳಿದ ತುಣುಕನ್ನು ಚಿಮಟದಿಂದ ತೆಗೆಯಬೇಕು. ಹ್ಯಾಂಡಲ್ ಹಿಡಿಯನ್ನೇ ತಿರುಗಿಸುವ ಕೆಲವು ಶಿಫ್ಟರುಗಳಲ್ಲಿ ತೂತು ರಬ್ಬರಿನಡಿ ಅಡಗಿರುತ್ತದೆ. ಅಂಗಡಿಯಲ್ಲಿ ಗೇರ್ ಕೇಬಲ್ ಎಂದೇ ಕೇಳಿ, ಸುಮಾರು 1.2 ಮಿ.ಮೀ. ದಪ್ಪದ್ದು. ಬ್ರೇಕಿನ ಕೇಬಲ್ ಇನ್ನೂ ದಪ್ಪ, ತಲೆಯೂ ದೊಡ್ಡದು, ಗೇರ್ ಶಿಫ್ಟರಿನಲ್ಲಿ ಕೂರುವುದಿಲ್ಲ.