ಅಪ್ಪ-ಅಮ್ಮ ತೀರಿಕೊಂಡ ಮೇಲೆ ಖಾತೆ, ವಿಮೆ, ಜಮೀನು: ಎಲ್ಲಿಂದ ಶುರು ಮಾಡಬೇಕು?

ಸಾವಿನ ಮನೆಯಲ್ಲಿ ಕಾಗದಪತ್ರದ ಮಾತೆತ್ತಲು ಎಲ್ಲರಿಗೂ ಸಂಕೋಚ. ಆದರೂ ಮರಣ ನೋಂದಣಿಯನ್ನು ಮುಂದೂಡಬೇಡಿ. 21 ದಿನದೊಳಗೆ ಮಾಡಿಸಿದರೆ ವಿಳಂಬ ಶುಲ್ಕವಿಲ್ಲ. ಪ್ರಮಾಣಪತ್ರದಲ್ಲಿರುವ ಹೆಸರು ಆಧಾರ್, ಪಾಸ್‌ಬುಕ್, ಪಹಣಿಯ ಹೆಸರಿಗೆ ತಾಳೆಯಾಗುತ್ತದೆಯೇ ಆಗಲೇ ನೋಡಿ. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೂ ಅರ್ಜಿ ವಾಪಸಾಗಬಹುದು.

ಪಾಸ್‌ಬುಕ್ ಓದಿ

ಬೀರು ತಡಕಾಡುವ ಮೊದಲು ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿ, ಸಾಲು ಸಾಲಾಗಿ ಓದಿ. 436 ರೂಪಾಯಿ ಕಡಿತವಾಗಿದ್ದರೆ ಅದು ಪ್ರಧಾನಮಂತ್ರಿ ಜೀವನಜ್ಯೋತಿ ವಿಮೆಯ ಕಂತು ಇರಬಹುದು. ವಿಮೆ ಚಾಲ್ತಿಯಲ್ಲಿದ್ದರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಸಿಗುತ್ತದೆ. 20 ರೂಪಾಯಿ ಕಡಿತ ಸುರಕ್ಷಾ ಬಿಮಾದ್ದು, ಅದು ಅಪಘಾತದ ಸಾವಿಗೆ. ಮನೆಯವರಿಗೆ ಗೊತ್ತೇ ಇಲ್ಲದ ವಿಮೆ, ಲಾಕರ್ ಬಾಡಿಗೆ, ಸಾಲದ ಕಂತು ಎಲ್ಲವೂ ಇದೇ ಪುಟಗಳಲ್ಲಿ ಸಿಗುತ್ತವೆ. ನೌಕರಿಯಲ್ಲಿರುವಾಗಲೇ ತೀರಿಕೊಂಡಿದ್ದು, ಪಿಎಫ್ ಖಾತೆ ಇದ್ದರೆ ಅದರ ಜೊತೆಗಿನ ಇಡಿಎಲ್‌ಐ ವಿಮೆಯನ್ನೂ ಕೇಳಿ.

ಪಿನ್ ಗೊತ್ತಿದೆಯೆಂದು ಎಟಿಎಂನಿಂದ ಹಣ ತೆಗೆಯಬೇಡಿ. ಖರ್ಚಿಗೆಂದೇ ತೆಗೆದರೂ ಆಮೇಲೆ ಒಡಹುಟ್ಟಿದವರ ನಡುವೆ ಲೆಕ್ಕದ ಜಗಳವಾಗುತ್ತದೆ. ಪಿಂಚಣಿ ಬರುತ್ತಿದ್ದರೆ ಬ್ಯಾಂಕಿಗೆ ತಕ್ಷಣ ತಿಳಿಸಿ, ಕುಟುಂಬ ಪಿಂಚಣಿಗೆ ಅರ್ಜಿ ಕೊಡಿ.

ನಾಮಿನಿ ಎಂದರೆ ಮಾಲೀಕರಲ್ಲ

ಬ್ಯಾಂಕ್ ಹಣ ಕೊಡುವುದು ನಾಮಿನಿಯ ಕೈಗೆ. ಆದರೆ ಆ ಹಣ ವಾರಸುದಾರರೆಲ್ಲರದ್ದು. ಷೇರುಗಳ ವಿಷಯದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ. ಉಯಿಲು ಬರೆಯದೆ ಹಿಂದೂ ಪುರುಷ ತೀರಿಕೊಂಡರೆ ಅವರ ಸ್ವಯಾರ್ಜಿತ ಆಸ್ತಿಯಲ್ಲಿ ಹೆಂಡತಿ, ಗಂಡುಮಕ್ಕಳು, ಮದುವೆಯಾದವರೂ ಸೇರಿ ಹೆಣ್ಣುಮಕ್ಕಳು ಎಲ್ಲರಿಗೂ ಸಮಪಾಲು. ಅವರ ತಾಯಿ ಬದುಕಿದ್ದರೆ ಆಕೆಗೂ ಅಷ್ಟೇ ಪಾಲು. ಅಜ್ಜಿಯ ಈ ಹಕ್ಕನ್ನು ಎಷ್ಟೋ ಮನೆಗಳು ಮರೆತೇಬಿಡುತ್ತವೆ.

ನಾಮಿನಿ ಇಲ್ಲದ ಖಾತೆಯಲ್ಲಿ ದೊಡ್ಡ ಮೊತ್ತವಿದ್ದರೆ ಬ್ಯಾಂಕ್ ನ್ಯಾಯಾಲಯದ ಉತ್ತರಾಧಿಕಾರ ಪ್ರಮಾಣಪತ್ರ ಕೇಳಬಹುದು.

ಜಮೀನು

ನಾಡಕಚೇರಿಯಿಂದ ವಂಶವೃಕ್ಷ ಪಡೆದು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಜಮೀನಿನ ದಾಖಲೆಯನ್ನು ವಾರಸುದಾರರ ಹೆಸರಿಗೆ ಬದಲಿಸಲು, ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಒಬ್ಬರ ಹೆಸರೂ ಬಿಡಬೇಡಿ. ಮೊದಲು ಎಲ್ಲರ ಹೆಸರಿಗೂ ಜಂಟಿಯಾಗಿ ಪಹಣಿ ಬರಲಿ; ಹಿಸ್ಸೆ ಆಮೇಲೆ ಆಗಲಿ, ವಿಭಾಗ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿ. ಪಹಣಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಮಾಲೀಕತ್ವ ಬರುವುದಿಲ್ಲ. ದುಃಖದ ದಿನಗಳಲ್ಲಿ ಅಕ್ಕತಂಗಿಯರ ಮುಂದೆ ಹಕ್ಕು ಬಿಡುಗಡೆ ಪತ್ರ ಇಟ್ಟು ಸಹಿ ಕೇಳುವುದು ಅನ್ಯಾಯ. ಅವರೂ ಓದಿ, ಯೋಚಿಸಿ, ಬೇಕಿದ್ದರೆ ವಕೀಲರನ್ನು ಕೇಳಿ ನಿರ್ಧರಿಸಲಿ.

ಸಾಲ, ತೆರಿಗೆ, ಹಳೆಯ ಠೇವಣಿ

ಜಾಮೀನು ಹಾಕಿರದಿದ್ದರೆ ತಂದೆ-ತಾಯಿಯ ಸಾಲಕ್ಕೆ ಮಕ್ಕಳ ಹೊಣೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಸಾಲ ವಸೂಲಿಗೆ ಬಂದವರಿಗೆ ಇದನ್ನು ಧೈರ್ಯವಾಗಿ ಹೇಳಿ. ಆದಾಯ ತೆರಿಗೆ ರಿಟರ್ನ್ ಸಲ್ಲಿಸಬೇಕಿದ್ದರೆ ಇ-ಫೈಲಿಂಗ್ ಪೋರ್ಟಲ್‌ನಲ್ಲಿ ಕಾನೂನುಬದ್ಧ ವಾರಸುದಾರರಾಗಿ ನೋಂದಾಯಿಸಿಕೊಳ್ಳಿ. 10 ವರ್ಷ ಯಾರೂ ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತದೆ, ಆದರೆ ಹಕ್ಕು ಉಳಿದಿರುತ್ತದೆ. ಅಂಥವನ್ನು ‘ಉದ್ಗಮ್’ ಪೋರ್ಟಲ್‌ನಲ್ಲಿ ಹೆಸರು, ಪ್ಯಾನ್ ಹಾಕಿ ಹುಡುಕಬಹುದು. ಹಣ ಕೇಳಬೇಕಾದದ್ದು ಮಾತ್ರ ಅದೇ ಬ್ಯಾಂಕಿನಲ್ಲಿ.